ಶಾಲೆಯ ವೇಳಾಪಟ್ಟಿ, ಮಗುವಿನ ದಿನ

ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ತೆರೆಯುತ್ತವೆ. ಪುಸ್ತಕ ಬಂತೇ, ಸಮವಸ್ತ್ರ ಬಂತೇ, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಸಿಕ್ಕರೇ ಎಂದು ಊರೂರಲ್ಲೂ ವಿಚಾರಿಸುತ್ತಾರೆ. ವೇಳಾಪಟ್ಟಿ ಹೇಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಮೇಷ್ಟ್ರುಗಳು ತಮ್ಮೊಳಗೇ ಮಾಡಿಕೊಳ್ಳುವ ಏರ್ಪಾಡು, ಅದರಲ್ಲಿ ನಮಗೇನು ಕೆಲಸ ಎಂಬ ಭಾವನೆ ಪೋಷಕರಲ್ಲಿದೆ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತ, ವರ್ಷವರ್ಷವೂ ಈ ಪಟ್ಟಿಯನ್ನು ಹಾಕುತ್ತ ಬಂದವನು ನಾನು. ನನಗೆ ಹೇಳಬೇಕೆನಿಸುವುದು ಇದು: ಒಂದು ಮಗು ಆ ವರ್ಷ ಎಷ್ಟು ಕಲಿಯುತ್ತದೆ, ಎಷ್ಟು ದಣಿಯುತ್ತದೆ, ಶಾಲೆಗೆ ಖುಷಿಯಿಂದ ಬರುತ್ತದೆಯೇ ಇಲ್ಲವೇ ಎಂಬುದರ ದೊಡ್ಡ ಪಾಲು ಜೂನ್ ಮೊದಲ ವಾರದಲ್ಲೇ ಆ ಒಂದು ಹಾಳೆಯ ಮೇಲೆ ತೀರ್ಮಾನವಾಗಿಬಿಡುತ್ತದೆ. ಆ ಹಾಳೆಗೆ ಗೆರೆ ಎಳೆಯುವ ಮೊದಲು ಮಗುವಿನ ಇಡೀ ದಿನವನ್ನು, ಎದ್ದ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ, ಬರೆದುಕೊಳ್ಳಬೇಕು. ನಾವು ಹಾಗೆ ಮಾಡುತ್ತಿಲ್ಲ.

ಪಟ್ಟಿ ತಯಾರಾಗುವ ಬಗೆಯನ್ನು ಮೊದಲು ಹೇಳುತ್ತೇನೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಶೀಟು ಹರಡಿ, ಸ್ಕೇಲಿನಲ್ಲಿ ಗೆರೆ ಹಾಕಿ, ಮನೆಗಳನ್ನು ಪೆನ್ಸಿಲಿನಲ್ಲೇ ತುಂಬುತ್ತೇವೆ. ಇಂಕಿನಲ್ಲಿ ಬರೆದರೆ ಮುಗಿಯಿತು. ಒಂದು ಮನೆ ಬದಲಾದರೆ ಹತ್ತು ಮನೆ ಅಳಿಸಬೇಕಾಗುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ವಾಡಿಕೆಯಲ್ಲಿರುವುದು ವಾರಕ್ಕೆ 45 ಪೀರಿಯಡ್. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎಂಟು, ಶನಿವಾರ ಬೆಳಗಿನ ಶಾಲೆಯಲ್ಲಿ ಐದು. ಎಂಟು, ಒಂಬತ್ತು, ಹತ್ತು ಎಂದು ಮೂರೇ ತರಗತಿಗಳಿರುವ ಹಳ್ಳಿ ಶಾಲೆಯಲ್ಲೂ ತುಂಬಬೇಕಾದ ಮನೆಗಳು 135.

ಈ 45ರಲ್ಲಿ ಕನ್ನಡಕ್ಕೆ 6, ಇಂಗ್ಲಿಷಿಗೆ 6, ಹಿಂದಿಗೆ 5, ಗಣಿತಕ್ಕೆ 7, ವಿಜ್ಞಾನಕ್ಕೆ 7, ಸಮಾಜ ವಿಜ್ಞಾನಕ್ಕೆ 6 ಎಂದಿಟ್ಟುಕೊಳ್ಳಿ. ಶಾಲೆಯಿಂದ ಶಾಲೆಗೆ ಒಂದೆರಡು ಹೆಚ್ಚುಕಡಿಮೆ ಇರಬಹುದು. ಅಲ್ಲಿಗೆ 37 ಆಯಿತು. ಉಳಿದ 8ರಲ್ಲಿ ಆಟ, ಚಿತ್ರಕಲೆ ಅಥವಾ ಕಾರ್ಯಾನುಭವ, ಕಂಪ್ಯೂಟರ್, ಗ್ರಂಥಾಲಯ, ಮೌಲ್ಯಶಿಕ್ಷಣ. ಈಗ ಶಿಕ್ಷಕರ ಕಡೆಯಿಂದ ನೋಡಿ. ಕನ್ನಡದವರಿಗೆ ವಾರಕ್ಕೆ 18 ಪೀರಿಯಡ್ ಬರುತ್ತದೆ, ಹಿಂದಿಯವರಿಗೆ 15. ನಾವು ಪಿ.ಸಿ.ಎಂ. ಎಂದು ಕರೆಯುವ ಶಿಕ್ಷಕರು ಮೂರೂ ತರಗತಿಗಳ ಗಣಿತವನ್ನೂ ವಿಜ್ಞಾನದಲ್ಲಿ ಭೌತಶಾಸ್ತ್ರದ ಪಾಠಗಳನ್ನೂ ತೆಗೆದುಕೊಳ್ಳಬೇಕು. ಅವರ ಲೆಕ್ಕ 28ಕ್ಕೆ ಹೋಗುತ್ತದೆ. ಚಿಕ್ಕ ಶಾಲೆಯ ಇಡೀ ವೇಳಾಪಟ್ಟಿ ಈ ಒಬ್ಬರ ಸುತ್ತ ಸುತ್ತುತ್ತದೆ. ಅವರ ಮನೆಗಳನ್ನು ಮೊದಲು ಕೂರಿಸದಿದ್ದರೆ ಕೊನೆಗೆ ಒಂದೇ ಪೀರಿಯಡ್‌ನಲ್ಲಿ ಅವರು ಎರಡು ತರಗತಿಯಲ್ಲಿ ಇರಬೇಕಾಗಿ ಬರುತ್ತದೆ.

ಅನುಭವಸ್ಥರು ಬಿಗಿಯಾದದ್ದನ್ನು ಮೊದಲು ಕೂರಿಸುತ್ತಾರೆ. ಬೇರೆ ಶಾಲೆಯಿಂದ ನಿಯೋಜನೆಯ ಮೇಲೆ ವಾರಕ್ಕೆ ಎರಡೇ ದಿನ ಬರುವ ಶಿಕ್ಷಕರ ದಿನಗಳು ಮೊದಲು. ಪ್ರಯೋಗಕ್ಕೆ ಬೇಕಾದ ಜೋಡಿ ಪೀರಿಯಡ್ ಆಮೇಲೆ. ನಲವತ್ತು ನಿಮಿಷದಲ್ಲಿ ಪ್ರನಾಳ ತೊಳೆದು, ಪ್ರಯೋಗ ಮಾಡಿ, ಬರೆದು ಮುಗಿಸಲು ಯಾವ ಮಗುವಿನಿಂದಲೂ ಆಗದು. ಆಮೇಲೆ ಗಣಿತ. ಕೊನೆಗೆ, ಎಲ್ಲಿಟ್ಟರೂ ಹೊಂದಿಕೊಳ್ಳುವ ವಿಷಯಗಳು. ಇಷ್ಟು ಸರಿಯಾಗಿ ಮಾಡಿದರೆ ಹಾಳೆಯಲ್ಲಿ ಎಲ್ಲೂ ಘರ್ಷಣೆ ಇರುವುದಿಲ್ಲ. ಹೆಡ್‌ಮಾಸ್ಟರರು ಸಹಿ ಮಾಡುತ್ತಾರೆ, ಪಟ್ಟಿ ಗೋಡೆಗೇರುತ್ತದೆ. ಆದರೆ ಶಿಕ್ಷಕರ ಪೀರಿಯಡ್‌ಗಳು ಒಂದಕ್ಕೊಂದು ಢಿಕ್ಕಿ ಹೊಡೆಯಲಿಲ್ಲ ಎಂದರೆ ಮಗುವಿಗೆ ಅದು ಒಗ್ಗುತ್ತದೆ ಎಂದು ಅರ್ಥವಲ್ಲ.

ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗಿಯ ದಿನವನ್ನು ನಿಮ್ಮ ಮುಂದಿಡುತ್ತೇನೆ. ಒಂಬತ್ತನೇ ತರಗತಿ. ಐದೂವರೆಗೆ ಎದ್ದು ಕೊಟ್ಟಿಗೆ ಗುಡಿಸಿ, ಹಾಲನ್ನು ಡೇರಿಗೆ ಹಾಕಿ ಬರುವುದು ಅವಳ ಕೆಲಸ. ಆ ಊರಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು, ಎಂಟು ಗಂಟೆಗೆ. ಎಂಟು ನಲವತ್ತಕ್ಕೆ ಅವಳು ಶಾಲೆಯ ಜಗಲಿಯಲ್ಲಿರುತ್ತಿದ್ದಳು; ಪ್ರಾರ್ಥನೆ ಒಂಬತ್ತೂ ಮುಕ್ಕಾಲಿಗೆ. ಒಂದು ಗಂಟೆಗೂ ಮಿಕ್ಕಿ ಬೀಗ ಹಾಕಿದ ಕೋಣೆಗಳ ಮುಂದೆ ಕಾಯುವುದು. ಸಂಜೆ ಶಾಲೆ ಬಿಡುವುದು ನಾಲ್ಕು ಮೂವತ್ತೈದಕ್ಕೆ. ಅವಳ ಬಸ್ಸು ನಾಲ್ಕೂವರೆಗೆ. ಅದು ತಪ್ಪಿದರೆ ಮುಂದಿನದು ಆರೂ ಕಾಲಿಗೆ, ಇಳಿದು ಕತ್ತಲಲ್ಲಿ ನಡೆಯಬೇಕು. ಹಾಗಾಗಿ ಅವಳೂ ಅದೇ ದಾರಿಯ ಇನ್ನೂ ಕೆಲವು ಮಕ್ಕಳೂ ಎಂಟನೇ ಪೀರಿಯಡ್‌ನ ಅರ್ಧಕ್ಕೇ ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತು, ‘ಸಾರ್, ಬಸ್ಸು’ ಎನ್ನುತ್ತಿದ್ದರು. ಒಂಬತ್ತನೇ ತರಗತಿಗೆ ವಾರದ ಐದೂ ದಿನ ಕೊನೆಯ ಪೀರಿಯಡ್ ಸಮಾಜ ವಿಜ್ಞಾನ. ಆ ಮಕ್ಕಳು ವರ್ಷವಿಡೀ ಪ್ರತಿ ಪಾಠದ ಕೊನೆಯ ಅರ್ಧವನ್ನು ಕೇಳಲೇ ಇಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ ಹಳ್ಳಿ ಮಕ್ಕಳಿಗೆ ಇತಿಹಾಸ ತಲೆಗೆ ಹತ್ತುವುದಿಲ್ಲ ಎಂಬ ಮಾತು ಬಂತು.

ಇದನ್ನು ಸರಿಮಾಡಲು ಹಣ ಬೇಕಿರಲಿಲ್ಲ. ಪ್ರಾರ್ಥನೆಯನ್ನು ಕಾಲು ಗಂಟೆ ಮುಂಚೆ ಇಟ್ಟರೆ ಸಾಕಿತ್ತು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಒಪ್ಪಿಗೆ ಪಡೆದು ಇಲಾಖೆಗೆ ತಿಳಿಸಿದ ಮೇಲೆ ಹಾಗೇ ಮಾಡಿದೆವು. ಕೊನೆಯ ಪೀರಿಯಡ್ ಒಂದೇ ವಿಷಯದ ಪಾಲಿಗೆ ಬೀಳದಂತೆ ಐದು ದಿನಕ್ಕೆ ಐದು ವಿಷಯ ಹಂಚಿದೆವು. ಬೇಗ ಬರುವ ಮಕ್ಕಳಿಗಾಗಿ ಎಂಟೂ ಮುಕ್ಕಾಲಿಗೇ ಗ್ರಂಥಾಲಯದ ಬೀಗ ತೆಗೆಯುವ ವ್ಯವಸ್ಥೆಯಾಯಿತು. ಅದಕ್ಕೇ ನಾನು ಹೇಳುವುದು, ಪ್ರತಿ ಪ್ರೌಢಶಾಲೆಯೂ ಜೂನ್ ಮೊದಲ ದಿನ ಮಕ್ಕಳಿಂದ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆಸಿಕೊಳ್ಳಲಿ: ಎಷ್ಟು ಹೊತ್ತಿಗೆ ಏಳುತ್ತೀಯ, ಹೇಗೆ ಬರುತ್ತೀಯ, ಬೆಳಿಗ್ಗೆ ಏನು ತಿಂದು ಬರುತ್ತೀಯ, ಮನೆ ತಲುಪುವುದು ಎಷ್ಟಕ್ಕೆ. ಡ್ರಾಯಿಂಗ್ ಶೀಟಿನ ಪಕ್ಕದಲ್ಲಿ ಆ ಚೀಟಿಗಳ ಕಟ್ಟು ಇರಬೇಕು.

ತಿಂದು ಬರುವ ಪ್ರಶ್ನೆಗೆ ಸಿಗುವ ಉತ್ತರ ಕೇಳಿದರೆ ಕರುಳು ಹಿಂಡುತ್ತದೆ. ‘ಟೀ, ಬಿಸ್ಕತ್ತು’ ಎಂದು ಬರೆಯುವವರು ಅನೇಕ. ಕೆಲವರು ಏನೂ ಬರೆಯದೆ ಚೀಟಿ ಕೊಡುತ್ತಾರೆ. ಅಕ್ಷರ ದಾಸೋಹದ ಬಿಸಿಯೂಟ 2007-08ರಲ್ಲಿ ಪ್ರೌಢಶಾಲೆಗೂ ಬಂತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಇವೆರಡೂ ವೇಳಾಪಟ್ಟಿಯ ಅಂಗ ಎಂದು ನಾವು ತಿಳಿಯಬೇಕು. ಹಾಲನ್ನು ಪ್ರಾರ್ಥನೆಗೆ ಮೊದಲೇ ಕೊಟ್ಟುಬಿಟ್ಟರೆ ಮೊದಲ ಪೀರಿಯಡ್ ಪೂರ್ತಿ ಸಿಗುತ್ತದೆ, ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬೀಳುವ ಮಕ್ಕಳೂ ಕಡಿಮೆಯಾಗುತ್ತಾರೆ. ಪ್ರಾರ್ಥನೆಗೂ ಹೆಚ್ಚು ಹೊತ್ತು ಬೇಕಿಲ್ಲ. ನಾಡಗೀತೆಗೆ ಸರ್ಕಾರ 2022ರಲ್ಲಿ ಗೊತ್ತುಮಾಡಿದ ಅವಧಿ ಎರಡೂವರೆ ನಿಮಿಷ. ರಾಷ್ಟ್ರಗೀತೆಗೆ 52 ಸೆಕೆಂಡು. ಸಂವಿಧಾನದ ಪೀಠಿಕೆ, ಸುಭಾಷಿತ, ಪತ್ರಿಕೆಯ ಮುಖ್ಯಾಂಶ ಎಲ್ಲ ಸೇರಿದರೂ ಹದಿನೈದು ನಿಮಿಷ ಧಾರಾಳ. ಅದು ಅರ್ಧ ಗಂಟೆಗೆ ಹೋಗುವುದು ನಾವು ದೊಡ್ಡವರು ಮೈಕು ಹಿಡಿದು ಬುದ್ಧಿವಾದ ಹೇಳುವುದರಿಂದ.

ಇನ್ನು ವಿರಾಮದ ಮಾತು. ವೇಳಾಪಟ್ಟಿಯಲ್ಲಿ ‘ವಿರಾಮ, 10 ನಿಮಿಷ’ ಎಂಬ ಸಣ್ಣ ಪಟ್ಟಿ ಇರುತ್ತದೆ. ಅದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. 120 ಹೆಣ್ಣುಮಕ್ಕಳಿದ್ದು ನಾಲ್ಕು ಶೌಚಾಲಯಗಳಿವೆ ಎನ್ನಿ. ಒಂದಕ್ಕೆ ಮೂವತ್ತು ಮಕ್ಕಳು. ಹತ್ತು ನಿಮಿಷ ಎಂದರೆ 600 ಸೆಕೆಂಡು. ಒಬ್ಬೊಬ್ಬಳ ಪಾಲಿಗೆ 20 ಸೆಕೆಂಡು. ಸಾಲಿನಲ್ಲಿ ಹಿಂದಿದ್ದವಳು ಗಂಟೆ ಹೊಡೆದಾಗ ಹಾಗೇ ವಾಪಸು ಬರುತ್ತಾಳೆ. ಎರಡು ದಿನ ಹೀಗಾದ ಮೇಲೆ ಅವಳು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾಳೆ. ಬೆಳಿಗ್ಗೆ ತುಂಬಿಸಿ ತಂದ ಬಾಟಲಿಯನ್ನು ಸಂಜೆ ತುಂಬಿದ ಹಾಗೇ ಮನೆಗೊಯ್ಯುವ ಹುಡುಗಿಯರನ್ನು ಯಾವ ಶಾಲೆಯಲ್ಲೂ ನೋಡಬಹುದು. ಮುಟ್ಟಿನ ದಿನಗಳಲ್ಲಿ ಅವರು ಶಾಲೆಗೇ ಬರುವುದಿಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲೂ ನೀರಿನ ಗಂಟೆಯ ಕ್ರಮ ಬಂತು, ಒಳ್ಳೆಯದೇ. ಆದರೆ ನೀರು ಕುಡಿಯಲು ಗಂಟೆ ಹೊಡೆದು, ಶೌಚಾಲಯಕ್ಕೆ ಸಮಯ ಕೊಡದಿದ್ದರೆ ಹುಡುಗಿಯರು ಗುಟುಕು ನೀರನ್ನು ಬಾಯಿಗೆ ಹಾಕಿದಂತೆ ಮಾಡಿ ಬಾಟಲಿ ಮುಚ್ಚುತ್ತಾರೆ.

ಎಲ್ಲ ತರಗತಿಗಳಿಗೂ ಒಂದೇ ಹೊತ್ತಿಗೆ ವಿರಾಮ ಬಿಡಬೇಕೆಂದು ಎಲ್ಲೂ ಹೇಳಿಲ್ಲ. ಎಂಟನೆಯವರಿಗೆ ಎರಡನೇ ಪೀರಿಯಡ್ ಆದ ಮೇಲೆ, ಒಂಬತ್ತು ಹತ್ತರವರಿಗೆ ಮೂರನೆಯದಾದ ಮೇಲೆ ಬಿಡಬಹುದು. ಶಿಕ್ಷಕರ ಪೀರಿಯಡ್‌ಗಳು ಹತ್ತು ನಿಮಿಷ ಹಿಂದುಮುಂದಾಗುವುದರಿಂದ ಪಟ್ಟಿ ಹಾಕುವವರಿಗೆ ತಲೆನೋವು ಹೆಚ್ಚು, ನಿಜ. ಆ ತಲೆನೋವನ್ನು ದೊಡ್ಡವರಾದ ನಾವು ಹೊರಬೇಕು. ಊಟದ ಸಾಲಿಗೂ ಇದೇ ಕ್ರಮ ಒಳ್ಳೆಯದು. ಮುನ್ನೂರು ಮಕ್ಕಳು ಒಮ್ಮೆಗೇ ತಟ್ಟೆ ಹಿಡಿದು ನಿಂತರೆ ಬಡಿಸಿ ಮುಗಿಯುವ ಹೊತ್ತಿಗೆ ಗಂಟೆಯಾಗಿರುತ್ತದೆ. ತಟ್ಟೆ ತೊಳೆಯಲು ಎರಡೇ ನಲ್ಲಿ. ಐದನೇ ಪೀರಿಯಡ್‌ನ ಶಿಕ್ಷಕರು ಒದ್ದೆ ಕೈಯಲ್ಲಿ ಒಬ್ಬೊಬ್ಬರಾಗಿ ಒಳಬರುವ ಮಕ್ಕಳನ್ನು ಗದರುತ್ತಾರೆ. ಮಕ್ಕಳದ್ದೇನು ತಪ್ಪು?

ಕಾಲುವೆಯ ಕೊನೆಯ ಹೊಲದವನಿಗೆ ನೀರು ತಲುಪದ ಕಷ್ಟ ನಮ್ಮ ರೈತರಿಗೆಲ್ಲ ಗೊತ್ತು. ವೇಳಾಪಟ್ಟಿಯಲ್ಲಿ ಆ ಕೊನೆಯ ಹೊಲ ಎಂಟನೇ ತರಗತಿ. ಬೆಳಗಿನ ತಾಜಾ ಹೊತ್ತು, ಅನುಭವಿ ಶಿಕ್ಷಕರು, ಗಾಳಿ ಬೆಳಕಿನ ಕೋಣೆ ಎಲ್ಲವೂ ಹತ್ತನೆಯವರಿಗೆ. ಎಸ್.ಎಸ್.ಎಲ್.ಸಿ.ಯ 625 ಅಂಕಗಳ ಮೇಲೆ ಶಾಲೆಯ ಹೆಸರು ನಿಂತಿದೆ ಎಂಬ ಭಯ ಎಲ್ಲರಿಗೂ ಇದೆ, ನನಗೂ ಇತ್ತು. ಗಣಿತಕ್ಕೆ ಒಬ್ಬರೇ ಶಿಕ್ಷಕರಿರುವಾಗ ಮೊದಲ ಪೀರಿಯಡ್‌ನಲ್ಲಿ ಗಣಿತ ಒಂದೇ ತರಗತಿಗೆ ಸಿಗಲು ಸಾಧ್ಯ. ಅದು ಹತ್ತಕ್ಕೆ ಹೋದರೆ ಎಂಟರ ಗಣಿತ ಊಟದ ಮೇಲೆ, ಮಕ್ಕಳು ತೂಕಡಿಸುವ ಹೊತ್ತಿಗೆ ಬೀಳುತ್ತದೆ. ಎಂಟನೆಯವರು ಸುತ್ತಲಿನ ಐದಾರು ಹಿರಿಯ ಪ್ರಾಥಮಿಕ ಶಾಲೆಗಳಿಂದ ಹೊಸದಾಗಿ ಬಂದವರು. ಕೆಲವರಿಗೆ ಭಿನ್ನರಾಶಿ ಬರುವುದಿಲ್ಲ, ಕೆಲವರಿಗೆ ಭಾಗಾಕಾರವೇ ಬರುವುದಿಲ್ಲ. ಅವರಲ್ಲಿ ಗಣಿತದ ಭಯ ಬೇರೂರುವುದೂ ಬಿಟ್ಟುಹೋಗುವುದೂ ಆ ವರ್ಷವೇ. ಎಂಟರಲ್ಲಿ ಕಲಿಸಬೇಕಾದದ್ದನ್ನು ಹತ್ತರಲ್ಲಿ ವಿಶೇಷ ತರಗತಿ ಮಾಡಿ ತುಂಬುತ್ತೇವೆ ಎನ್ನುವುದು ಕೈಲಾಗದ ಮಾತು.

ನನ್ನ ಸಲಹೆ, ವರ್ಷಕ್ಕೆ ಎರಡು ವೇಳಾಪಟ್ಟಿ ಇರಲಿ. ಜೂನ್‌ನಿಂದ ದಸರಾ ರಜೆಯವರೆಗೆ ಬೆಳಗಿನ ಗಣಿತ ಎಂಟನೆಯವರಿಗೆ. ರಜೆ ಮುಗಿದ ಮೇಲೆ ಹತ್ತನೆಯವರಿಗೆ. ಹೇಗೂ ಮೊದಲರ್ಧದಲ್ಲಿ ವಲಯ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಶಿಕ್ಷಕರ ತರಬೇತಿ ಎಂದು ದಿನಗಳು ಚೆದುರುತ್ತವೆ. ಎರಡನೆಯ ಅರ್ಧದ ಲಯವೇ ಬೇರೆ. ಎರಡಕ್ಕೂ ಒಂದೇ ಪಟ್ಟಿ ಸಾಕೆಂದು ಕೂರುವುದರಲ್ಲಿ ಅರ್ಥವಿಲ್ಲ.

ಈಗ ವಿಶೇಷ ತರಗತಿಯ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಎಂಟಕ್ಕೆ ಒಂದು, ಸಂಜೆ ಶಾಲೆ ಬಿಟ್ಟ ಮೇಲೆ ಇನ್ನೊಂದು. ಕೆಲವು ಕಡೆ ರಾತ್ರಿಯೂ ಗುಂಪು ಅಧ್ಯಯನ. ಸಮಯ ಸಾಲದು ಎಂಬುದು ಇದಕ್ಕೆ ಕೊಡುವ ಕಾರಣ. ನಿಜಕ್ಕೂ ಸಾಲದೇ? ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ, 1000 ಬೋಧನಾ ಗಂಟೆ ಎಂದಿದೆ. ನಲವತ್ತು ನಿಮಿಷದ 45 ಪೀರಿಯಡ್ ಎಂದರೆ ವಾರಕ್ಕೆ 30 ಗಂಟೆ; 220 ದಿನಕ್ಕೆ ಸುಮಾರು 1100 ಗಂಟೆ. ಅಂದರೆ ಹಾಳೆಯ ಮೇಲೆ ಸಮಯ ಬೇಕಾದಷ್ಟಿದೆ. ಅದು ಸೋರಿಹೋಗುವುದು ಗಂಟೆಗೂ ಗಂಟೆಗೂ ನಡುವೆ. ಪ್ರತಿ ಪೀರಿಯಡ್ ಐದು ನಿಮಿಷ ತಡವಾಗಿ ಶುರುವಾದರೆ ದಿನಕ್ಕೆ ನಲವತ್ತು ನಿಮಿಷ, ಒಂದು ಪೂರ್ತಿ ಪೀರಿಯಡ್ ಹೋಯಿತು. ವರ್ಷಕ್ಕೆ ಅದು 130 ಗಂಟೆ ದಾಟುತ್ತದೆ. ಶಿಕ್ಷಕರು ಹಳೇ ಕಟ್ಟಡದ ಕೊನೆಯ ಕೋಣೆಯಿಂದ ಹೊಸ ಕಟ್ಟಡದ ಮೇಲಿನ ಮಹಡಿಗೆ ಬರಬೇಕು, ಡಸ್ಟರ್ ಹುಡುಕಬೇಕು, ಹಾಜರಿ ಕೂಗಬೇಕು. ಒಬ್ಬರ ಎರಡು ಪೀರಿಯಡ್‌ಗಳನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಬರುವಂತೆ ಹಾಕಿ, ಭಾಷೆಗೂ ವಾರಕ್ಕೊಂದು ಜೋಡಿ ಪೀರಿಯಡ್ ಕೊಟ್ಟರೆ ಈ ಸೋರಿಕೆಯ ಅರ್ಧ ನಿಲ್ಲುತ್ತದೆ. ಭಾಷೆಗೆ ಜೋಡಿ ಪೀರಿಯಡ್ ಏಕೆಂದು ಕೇಳುವವರಿಗೆ: ಒಂದು ಪ್ರಬಂಧವನ್ನು ಯೋಚಿಸಿ, ಬರೆದು, ಓದಿ ತೋರಿಸಲು ಅಷ್ಟು ಹೊತ್ತು ಬೇಕು.

ಹೀಗೆ ಹಗಲಿನಲ್ಲಿ ಕಳೆದುಕೊಂಡ ಸಮಯವನ್ನು ನಾವು ಮಕ್ಕಳ ನಿದ್ದೆಯಿಂದ ಕಿತ್ತು ತುಂಬಿಸಿಕೊಳ್ಳುತ್ತೇವೆ. ಹದಿಹರೆಯದ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ಆ ವಯಸ್ಸಿನಲ್ಲಿ ದೇಹಕ್ಕೆ ನಿದ್ದೆ ಬರುವ ಹೊತ್ತೇ ಮುಂದೆ ಸರಿಯುತ್ತದೆ. ರಾತ್ರಿ ಬೇಗ ಮಲಗೆಂದರೆ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಏಳೆಂದರೆ ಏಳಲಾಗುವುದಿಲ್ಲ. ಅದು ಸೋಮಾರಿತನವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ಶುರುವಾಗಬಾರದೆಂದು ಸಲಹೆ ಮಾಡಿತು. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನನ್ನೇ ಮಾಡಿ 2022ರಿಂದ ಜಾರಿಗೆ ತಂದಿತು. ಅವರು ಹೋರಾಡಿ ಪಡೆದದ್ದು ನಮ್ಮ ಸರ್ಕಾರಿ ಶಾಲೆಗಳಿಗೆ ಮೊದಲಿನಿಂದಲೂ ಇದೆ. ನಮ್ಮ ಹಿರಿಯರು ಇಟ್ಟ ಒಂಬತ್ತೂವರೆ, ಹತ್ತು ಗಂಟೆಯ ಶಾಲೆ ಈ ವಯಸ್ಸಿನ ಮಕ್ಕಳಿಗೆ ಒಗ್ಗುವಂಥದ್ದು. ಬೆಳಿಗ್ಗೆ ಎಂಟು ಗಂಟೆಗೆ ವಿಶೇಷ ತರಗತಿ ಇಟ್ಟು ಅದನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆ. ಬೆಂಗಳೂರಿನ ಖಾಸಗಿ ಶಾಲೆಗಳ ಮಕ್ಕಳ ಪಾಡಂತೂ ಹೇಳುವುದೇ ಬೇಡ. ಬೆಳಿಗ್ಗೆ ಆರೂವರೆಗೆ ಶಾಲಾ ವಾಹನಕ್ಕೆ ನಿದ್ದೆಗಣ್ಣಲ್ಲಿ ಕಾಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ವಾಹನ ದಟ್ಟಣೆಯ ಕಾರಣಕ್ಕೆ ನಗರದ ಶಾಲಾ ಸಮಯವನ್ನು ಬದಲಿಸುವ ಮಾತು ಬಂದಾಗ ಶಾಲೆಗಳವರೂ ಪೋಷಕರೂ ವಿರೋಧಿಸಿದರು. ಸರಿಯಾಗಿಯೇ ಮಾಡಿದರು. ರಸ್ತೆಯ ಸಮಸ್ಯೆಗೆ ಮಕ್ಕಳು ಬೆಲೆ ತೆರಬಾರದು.

ಇನ್ನೊಂದು ಸಂಗತಿ. ಬಸ್ಸಿಗೆ ಕಾಯುವ ಆ ಹುಡುಗಿಯಂಥವರು ಬೆಳಿಗ್ಗೆ ಎಂಟು ಗಂಟೆಯ ತರಗತಿಗೂ ಬರಲಾರರು, ಸಂಜೆಯ ತರಗತಿಗೂ ನಿಲ್ಲಲಾರರು. ವಿಶೇಷ ತರಗತಿ ಬೇಕೇ ಬೇಕಾದವರಿಗೇ ಅದು ಸಿಗುವುದಿಲ್ಲ. ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆ ಬೇಕು, ಅನುಮಾನವಿಲ್ಲ. ಅದು 45 ಪೀರಿಯಡ್‌ಗಳ ಒಳಗೇ ಇರಬೇಕು. ಶನಿವಾರದ ಐದು ಪೀರಿಯಡ್‌ಗಳಲ್ಲಿ ಎರಡನ್ನು ಅದಕ್ಕೇ ಮೀಸಲಿಡಿ. ಆ ಹೊತ್ತಿನಲ್ಲಿ ಮುಂದಿರುವ ಮಕ್ಕಳು ಗ್ರಂಥಾಲಯದಲ್ಲೋ ಪ್ರಯೋಗಶಾಲೆಯಲ್ಲೋ ತಮ್ಮ ಕೆಲಸ ಮಾಡಿಕೊಳ್ಳಲಿ.

ಗ್ರಂಥಾಲಯ ಎಂದಾಗ ನೆನಪಾಯಿತು. ನವೆಂಬರ್ ಕಳೆಯಿತೆಂದರೆ ಹತ್ತನೇ ತರಗತಿಯ ಪಟ್ಟಿಯಲ್ಲಿ ಮೊದಲು ಕಾಣೆಯಾಗುವುದು ಆಟದ ಪೀರಿಯಡ್, ಆಮೇಲೆ ಗ್ರಂಥಾಲಯ, ಚಿತ್ರಕಲೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಇರುತ್ತವೆ, ನಡೆಯುವುದು ಗಣಿತ. ನಾನು ಗಣಿತದವನಾಗಿಯೇ ಹೇಳುತ್ತೇನೆ: ಆಟದಿಂದ ಕಿತ್ತುಕೊಂಡ ನಲವತ್ತು ನಿಮಿಷದಲ್ಲಿ ಗಣಿತ ತಲೆಗೆ ಹೋಗುವುದಿಲ್ಲ. ಮಕ್ಕಳ ಕಣ್ಣು ಕಿಟಕಿಯಾಚೆ ಇರುತ್ತದೆ. ಆಡಿ ಬೆವರಿ ಬಂದ ತರಗತಿಗೆ ಲೆಕ್ಕ ಹೇಳುವುದು ಎಷ್ಟೋ ಸುಲಭ. ಆಟದ ಪೀರಿಯಡ್ ಎಲ್ಲಿಡಬೇಕೆಂಬುದನ್ನು ಊರಿನ ಹವೆ ನೋಡಿ ನಿರ್ಧರಿಸಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನದಲ್ಲಿ ನೀರು ನಿಂತಿರುತ್ತದೆ, ಆಗ ಒಳಾಂಗಣದ ಆಟ, ಯೋಗ. ರಾಯಚೂರು, ಕಲಬುರಗಿಯಲ್ಲಿ ಫೆಬ್ರವರಿ ಕಳೆದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಮಕ್ಕಳನ್ನು ಬಿಡುವುದು ಅಪಾಯ. ಅಲ್ಲಿ ಆಟ ಬೆಳಿಗ್ಗೆಗೇ ಬರಬೇಕು. ಆ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ ಎಂಟಕ್ಕೆ ಬದಲಿಸುವ ಕ್ರಮವಿದೆ.

ಬದಲಿ ಪೀರಿಯಡ್ ಬಗ್ಗೆ ಎರಡು ಮಾತು. ತರಬೇತಿಗೋ ಜನಗಣತಿಗೋ ಚುನಾವಣೆಗೋ ಶಿಕ್ಷಕರೊಬ್ಬರು ಹೋದ ದಿನ, ಬಿಡುವಿರುವವರನ್ನು ಆ ತರಗತಿಗೆ ಕಳಿಸುತ್ತೇವೆ. ಬದಲಿಗೆ ಹೋದವರು ‘ಸದ್ದು ಮಾಡಬೇಡಿ, ಓದಿಕೊಳ್ಳಿ’ ಎಂದು ಹೇಳಿ ಕುಳಿತುಕೊಳ್ಳುತ್ತಾರೆ. ಪ್ರತಿ ವಿಷಯದವರೂ ಜೂನ್‌ನಲ್ಲೇ ಹತ್ತು ಬದಲಿ ಪಾಠಗಳ ಕಡತವನ್ನು, ಅಭ್ಯಾಸ ಹಾಳೆಗಳ ಸಮೇತ, ಸ್ಟಾಫ್ ರೂಮಿನಲ್ಲಿ ಇಟ್ಟರೆ ಆ ನಲವತ್ತು ನಿಮಿಷ ಉಳಿಯುತ್ತದೆ. ಹಾಗೆಂದು ಶಿಕ್ಷಕರ ಬಿಡುವಿನ ಪೀರಿಯಡ್‌ಗಳನ್ನೆಲ್ಲ ಬದಲಿಗೇ ಬಳಸಬಾರದು. 28 ಪೀರಿಯಡ್ ತೆಗೆದುಕೊಳ್ಳುವವರಿಗೆ ನೂರಾರು ನೋಟ್‌ಬುಕ್ ತಿದ್ದಲೂ ಹೊತ್ತು ಬೇಕು. ಅವರಿಗೆ ಸತತವಾಗಿ ಮೂರಕ್ಕಿಂತ ಹೆಚ್ಚು ಪೀರಿಯಡ್ ಹಾಕದಿರುವುದು ಮಕ್ಕಳಿಗೂ ಒಳ್ಳೆಯದು. ಗಂಟಲು ಒಣಗಿದವರ ಪಾಠ ಯಾರಿಗೂ ತಟ್ಟುವುದಿಲ್ಲ.

ಇದನ್ನು ಕೇಳುತ್ತಿರುವ ಪೋಷಕರಲ್ಲಿ, ಎಸ್.ಡಿ.ಎಂ.ಸಿ. ಸದಸ್ಯರಲ್ಲಿ ನನ್ನ ವಿನಂತಿ. ಈ ಜೂನ್‌ನಲ್ಲಿ ಶಾಲೆಗೆ ಹೋಗಿ ವೇಳಾಪಟ್ಟಿಯನ್ನು ನೋಡಿ. ಕೊನೆಯ ಪೀರಿಯಡ್ ಯಾವುದು, ಎಂಟನೆಯವರಿಗೆ ಗಣಿತ ಎಷ್ಟು ಹೊತ್ತಿಗೆ, ಹೆಣ್ಣುಮಕ್ಕಳಿಗೆ ವಿರಾಮ ಎಷ್ಟು ನಿಮಿಷ, ಹತ್ತನೆಯವರ ಆಟ ಯಾವ ದಿನ ಎಂದು ಕೇಳಿ. ಮೊದಲ ಎರಡು ವಾರ ಪಟ್ಟಿ ತಾತ್ಕಾಲಿಕ ಎಂದು ಬರೆದೇ ಗೋಡೆಗೆ ಹಾಕಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ. ಆ ಎರಡು ವಾರದಲ್ಲಿ ಮಕ್ಕಳೇ ತೊಂದರೆಗಳನ್ನು ತೋರಿಸಿಕೊಡುತ್ತಾರೆ. ಬಸ್ಸಿನ ಹೊತ್ತು ಹೊಂದದಿದ್ದರೆ ಶಾಲೆಯ ಸಮಯ, ಆ ದಾರಿಯ ಮಕ್ಕಳ ಸಂಖ್ಯೆ, ಊರಿನ ಹೆಸರು ಮೂರನ್ನೂ ಬರೆದು, ಗ್ರಾಮ ಪಂಚಾಯಿತಿಯ ಮೊಹರು ಹಾಕಿಸಿ, ಸಾರಿಗೆ ಘಟಕದ ವ್ಯವಸ್ಥಾಪಕರಿಗೆ ಈ ವಾರವೇ ಅರ್ಜಿ ಕೊಡಿ. ಶಾಲೆ ತೆರೆಯುವ ಮೊದಲೇ ಕೊಟ್ಟ ಅರ್ಜಿಗೆ ಹತ್ತು ನಿಮಿಷ ಬಸ್ಸು ಹಿಂದುಮುಂದಾಗುವ ಸಾಧ್ಯತೆ ಹೆಚ್ಚು.